ನಿಂತ ತೂಕವನ್ನು ಮೊದಲು ಉಳಿಸಿಕೊಳ್ಳಿ

ಡಯಟ್ ಶುರುಮಾಡಿದವರಿಗೆ ಮೊದಲ ಕೆಲವು ವಾರ ಉತ್ಸಾಹವೋ ಉತ್ಸಾಹ. ಅನ್ನ, ಸಕ್ಕರೆ ಕಡಿಮೆಯಾದ ಕೂಡಲೇ ದೇಹ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟುಕೊಂಡಿದ್ದ ಸಕ್ಕರೆ ಖರ್ಚಾಗುತ್ತದೆ. ಅದರ ಒಂದೊಂದು ಗ್ರಾಂ ಹಿಡಿದಿಟ್ಟುಕೊಂಡಿದ್ದ ಸುಮಾರು ಮೂರು ಗ್ರಾಂ ನೀರೂ ಜೊತೆಗೇ ಹೊರಗೆ ಹೋಗುತ್ತದೆ. ಹೀಗೆ ಇಳಿದ ಮೊದಲ ಎರಡು ಮೂರು ಕಿಲೋದಲ್ಲಿ ನೀರಿನ ಪಾಲು ದೊಡ್ಡದು. ಆಮೇಲೆ ಕೊಬ್ಬು ನಿಧಾನವಾಗಿ ಕರಗುತ್ತದೆ. ಐದಾರು ತಿಂಗಳಾಗುವ ಹೊತ್ತಿಗೆ ತೂಕದ ಮಷಿನ್ ಒಂದೇ ಅಂಕಿ ತೋರಿಸಲು ಶುರುಮಾಡುತ್ತದೆ. ಊಟ ಅದೇ, ಬೆಳಗಿನ ವಾಕಿಂಗ್ ಅದೇ, ತೂಕ ಮಾತ್ರ ಅಲ್ಲೇ ನಿಂತಿರುತ್ತದೆ. ಆಗ ಸುತ್ತಲಿನವರಿಂದ ಸಿಗುವ ಸಲಹೆ ಎಲ್ಲ ಕಡೆ ಒಂದೇ: ಇನ್ನೂ ಕಡಿಮೆ ತಿನ್ನು, ಇನ್ನೂ ಹೆಚ್ಚು ಓಡು. ಈ ಸಲಹೆ ತಪ್ಪು ಎನ್ನುವುದು ನನ್ನ ಖಚಿತ ಅಭಿಪ್ರಾಯ. ತೂಕ ನಿಂತಾಗ ಮೊದಲು ಮಾಡಬೇಕಾದ ಕೆಲಸ, ಆ ನಿಂತ ತೂಕವನ್ನು ಮತ್ತೆ ಏರದಂತೆ ಉಳಿಸಿಕೊಳ್ಳುವುದು. ಮುಂದಿನ ಇಳಿತಕ್ಕೆ ದಾರಿಯೂ ಅಲ್ಲಿಂದಲೇ ತೆರೆಯುತ್ತದೆ. ತಟ್ಟೆಯಿಂದ ಇನ್ನೊಂದು ತುತ್ತು ಕಿತ್ತುಕೊಳ್ಳುವುದರಿಂದ ಅಲ್ಲ.

ಈ ಮಾತು ಎಲ್ಲರಿಗೂ ಸಂಬಂಧಿಸಿದ್ದೇ ಆದರೂ ಹೊಸೂರಿನ ಮೂಕಂಡಪಲ್ಲಿಯಂಥ ಊರಿಗೆ ವಿಶೇಷವಾಗಿ ಸಲ್ಲುತ್ತದೆ. ರಾಗಿ, ಹುರುಳಿ, ಅವರೆ ಬೆಳೆಯುತ್ತಿದ್ದ ನೆಲದಲ್ಲಿ 1970ರ ದಶಕದಿಂದೀಚೆಗೆ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬೆಳೆಯಿತು. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಈ ಭಾಗದ ಹೆಸರಾದವು. ಅವುಗಳ ಸುತ್ತ ನೂರಾರು ಸಣ್ಣ ಘಟಕಗಳು ಹುಟ್ಟಿಕೊಂಡವು. ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ಊರಿನ ಬದುಕು ಹೊಲದ ಗಡಿಯಾರದಿಂದ ಶಿಫ್ಟ್‌ನ ಗಡಿಯಾರಕ್ಕೆ ಬಂತು. ಇದೇ ಅವಧಿಯಲ್ಲಿ ಮೈತೂಕವೂ ಏರಿದೆ. 2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 40 ಮಂದಿ, ಗಂಡಸರಲ್ಲಿ ಸುಮಾರು 37 ಮಂದಿ ಅಧಿಕ ತೂಕದವರು ಅಥವಾ ಬೊಜ್ಜಿನವರು. ಗಡಿಯಾಚೆ ಕರ್ನಾಟಕದಲ್ಲಿ ಈ ಪ್ರಮಾಣ ಇಬ್ಬರಲ್ಲೂ ನೂರಕ್ಕೆ 30ರ ಆಸುಪಾಸು. ಭಾರತೀಯರ ಮಟ್ಟಿಗೆ ಈ ಅಂಕಿಗಳೂ ಪೂರ್ತಿ ಕಥೆ ಹೇಳುವುದಿಲ್ಲ. ನೋಡಲು ಸಣಕಲಾದರೂ ಹೊಟ್ಟೆಯೊಳಗೆ ಕೊಬ್ಬು ತುಂಬಿಕೊಂಡಿರುವ ನಮ್ಮ ಮೈಕಟ್ಟನ್ನು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಎರಡು ದಶಕಗಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ಭಾರತೀಯ ವೈದ್ಯರು ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದೆಂದು ಹೇಳುವುದು ಇದೇ ಕಾರಣಕ್ಕೆ. ಹೀಗಾಗಿ ತೂಕ ಇಳಿಸಲು ಹೊರಟವರ ಸಂಖ್ಯೆ ಇಲ್ಲಿ ಹೆಚ್ಚುತ್ತಿರುವುದು ಒಳ್ಳೆಯದೇ. ಆದರೆ ಅರ್ಧ ದಾರಿಯಲ್ಲಿ ತೂಕ ನಿಂತಾಗ ಅವರ ಕೈಗೆ ಸಿಗುವ ತಿಳಿವಳಿಕೆ ಅರವತ್ತು ವರ್ಷಕ್ಕಿಂತ ಹಳೆಯದು.

ಆ ಹಳೆಯ ತಿಳಿವಳಿಕೆ ಒಂದು ಸರಳ ಲೆಕ್ಕ. ಒಂದು ಪೌಂಡ್ ಮೈಕೊಬ್ಬಿನಲ್ಲಿ 3500 ಕ್ಯಾಲರಿ ಇದೆ ಎಂದು ಮ್ಯಾಕ್ಸ್ ವಿಶ್ನೋಫ್ಸ್ಕಿ ಎಂಬ ಅಮೆರಿಕದ ವೈದ್ಯ 1958ರಲ್ಲಿ ಬರೆದರು. ಕಿಲೋ ಲೆಕ್ಕದಲ್ಲಿ ಅದು ಸುಮಾರು 7700 ಕ್ಯಾಲರಿ. ಹಾಗಾದರೆ ದಿನಕ್ಕೆ 500 ಕ್ಯಾಲರಿ ಕಡಿಮೆ ತಿಂದರೆ ವಾರಕ್ಕೆ ಸುಮಾರು ಅರ್ಧ ಕಿಲೋ, ವರ್ಷಕ್ಕೆ 23 ಕಿಲೋ ಇಳಿಯಬೇಕು. ಡಯಟ್ ಚಾರ್ಟ್‌ಗಳು, ಮೊಬೈಲ್ ಆ್ಯಪ್‌ಗಳು, ಜಾಹೀರಾತುಗಳು ಇಂದಿಗೂ ಈ ಲೆಕ್ಕದ ಮೇಲೆಯೇ ಆಸೆ ಹುಟ್ಟಿಸುತ್ತವೆ. ಲೆಕ್ಕವನ್ನು ಹೀಗೇ ಮುಂದುವರಿಸಿದರೆ 85 ಕಿಲೋ ತೂಕದ ಮನುಷ್ಯ ನಾಲ್ಕು ವರ್ಷದೊಳಗೆ ಪೂರ್ತಿ ಕರಗಿಹೋಗಬೇಕು. ಹಾಗಾಗುವುದಿಲ್ಲ, ಏಕೆಂದರೆ ಇಳಿದ ದೇಹ ಮೊದಲಿನ ದೇಹವಲ್ಲ. ಹೊತ್ತು ನಡೆಯಲು ಭಾರ ಕಡಿಮೆ, ಕಾಪಾಡಬೇಕಾದ ಅಂಗಾಂಶ ಕಡಿಮೆ, ಅರಗಿಸಬೇಕಾದ ಊಟವೂ ಕಡಿಮೆ. ಅಷ್ಟೇ ಅಲ್ಲದೆ ದೇಹ ತನ್ನ ಗಾತ್ರಕ್ಕೆ ತಕ್ಕಷ್ಟಕ್ಕಿಂತ ಸ್ವಲ್ಪ ಹೆಚ್ಚೇ ಉಳಿತಾಯಕ್ಕೆ ಇಳಿಯುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದನ್ನೆಲ್ಲ ಸೇರಿಸಿ ಹೊಸ ಲೆಕ್ಕ ಕೊಟ್ಟರು. ದಿನದ ಆಹಾರದಲ್ಲಿ 24 ಕ್ಯಾಲರಿ ಶಾಶ್ವತವಾಗಿ ಕಡಿಮೆಯಾದರೆ ಕೊನೆಗೆ ಒಂದು ಕಿಲೋ ಇಳಿಯುತ್ತದೆ. ಅದರಲ್ಲಿ ಅರ್ಧ ಇಳಿಯಲು ಸುಮಾರು ಒಂದು ವರ್ಷ, ಬಹುಪಾಲು ಇಳಿಯಲು ಮೂರು ವರ್ಷ ಬೇಕು. ಅಂದರೆ ಅದೇ 500 ಕ್ಯಾಲರಿ ಕಡಿತಕ್ಕೆ ಮೊದಲ ವರ್ಷ ಸಿಗುವುದು ಹತ್ತು ಕಿಲೋದಷ್ಟು, ಇಪ್ಪತ್ತಮೂರಲ್ಲ. ಹತ್ತು ಕಿಲೋ ಇಳಿಸಿದವರು ತಾವು ಸೋತೆವೆಂದು ಕೊರಗುವುದಕ್ಕೆ ಅವರ ದೇಹ ಕಾರಣವಲ್ಲ, ಆ ತಪ್ಪು ಲೆಕ್ಕ ಕಾರಣ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಹೊಸ ಲೆಕ್ಕದ ಪ್ರಕಾರವೂ ಇಳಿತ ಮೂರು ವರ್ಷ ಮುಂದುವರಿಯಬೇಕಲ್ಲ, ಆರೇ ತಿಂಗಳಿಗೆ ಏಕೆ ನಿಲ್ಲುತ್ತದೆ? ತೂಕ ಇಳಿಕೆ ಕುರಿತ 80 ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಜನ ಸರಾಸರಿ 5ರಿಂದ 8.5 ಕಿಲೋ ಇಳಿಸಿ ಆರು ತಿಂಗಳ ಸುಮಾರಿಗೆ ನಿಂತುಬಿಟ್ಟಿದ್ದರು. ಇದಕ್ಕೆ ಅತ್ಯಂತ ಒಳ್ಳೆಯ ಉತ್ತರ ಸಿಕ್ಕಿದ್ದು ಡಯಟ್ ಮಾಡದೇ ಇದ್ದವರಿಂದ. ಸಕ್ಕರೆ ಕಾಯಿಲೆಗೆ ಕೊಡುವ ಕ್ಯಾನಗ್ಲಿಫ್ಲೋಜಿನ್ ಎಂಬ ಮಾತ್ರೆ ರಕ್ತದಲ್ಲಿನ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತದೆ. ಮಾತ್ರೆ ತೆಗೆದುಕೊಂಡವರಿಗೆ ತಮ್ಮ ದೇಹದಿಂದ ದಿನವೂ ಕ್ಯಾಲರಿ ಸೋರಿಹೋಗುತ್ತಿರುವುದು ನೇರವಾಗಿ ಗೊತ್ತಾಗುವುದಿಲ್ಲ. ಅವರು ಯಾವ ವ್ರತವನ್ನೂ ಹಿಡಿದಿರಲಿಲ್ಲ, ಹಾಗಾಗಿ ಮುರಿಯುವ ಪ್ರಶ್ನೆಯೂ ಇರಲಿಲ್ಲ. ಆದರೂ ಅವರ ತೂಕ ಕೆಲವು ಕಿಲೋ ಇಳಿದು ನಿಂತಿತು. ಹಾಲ್ ಮತ್ತು ಸಂಗಡಿಗರು 2016ರಲ್ಲಿ ಇಂಥ 153 ಮಂದಿಯ ಒಂದು ವರ್ಷದ ತೂಕದ ದಾಖಲೆ ಹಿಡಿದು ಲೆಕ್ಕ ಹಾಕಿದಾಗ ಕಂಡದ್ದು ಇದು: ಇಳಿದ ಒಂದೊಂದು ಕಿಲೋಗೆ ದೇಹದ ದಿನದ ಖರ್ಚು ಸುಮಾರು 20ರಿಂದ 30 ಕ್ಯಾಲರಿ ತಗ್ಗುತ್ತದೆ, ಹಸಿವು ಮಾತ್ರ ದಿನಕ್ಕೆ ಸುಮಾರು 100 ಕ್ಯಾಲರಿಯಷ್ಟು ಏರುತ್ತದೆ. ಎಂಟು ಕಿಲೋ ಇಳಿಸಿದವರ ಹಸಿವು, ಈ ಲೆಕ್ಕದಲ್ಲಿ, ಶುರುವಿನ ದಿನಕ್ಕಿಂತ 800 ಕ್ಯಾಲರಿಯಷ್ಟು ಹೆಚ್ಚು. ಹೊಸೂರಿನ ಚಂದ್ರಚೂಡೇಶ್ವರ ಬೆಟ್ಟದ ಮೆಟ್ಟಿಲುಗಳು ಮೇಲಕ್ಕೆ ಹೋದಂತೆಲ್ಲ ಎತ್ತರವಾಗುತ್ತಾ ಹೋದರೆ, ಅದೇ ದಮ್ಮಿನಲ್ಲಿ ಹತ್ತುವವನು ಒಂದು ಕಡೆ ನಿಲ್ಲಲೇಬೇಕು. ತೂಕ ನಿಂತವರ ಸ್ಥಿತಿ ಇದು. ಅವರ ಪ್ರಯತ್ನ ಸಡಿಲವಾಗಿಲ್ಲ, ಎದುರಿನ ಒತ್ತಡ ಹೆಚ್ಚಿದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಹಾರ್ಮೋನು, ಹಸಿವು ಎಂದೆಲ್ಲ ಹೇಳಿ ನೆಪಕ್ಕೆ ವಿಜ್ಞಾನದ ಬಟ್ಟೆ ತೊಡಿಸುತ್ತಿದ್ದೀರಿ, ತೂಕ ಇಳಿಯದವರು ನಿಜವಾಗಿ ಹೆಚ್ಚು ತಿನ್ನುತ್ತಿದ್ದಾರೆ ಅಷ್ಟೇ ಎನ್ನುವುದು ಆ ಆಕ್ಷೇಪ. ಇದಕ್ಕೆ ಆಧಾರವೂ ಇದೆ. ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದವರನ್ನು ನ್ಯೂಯಾರ್ಕಿನಲ್ಲಿ ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರು ತಿಂದದ್ದನ್ನು ನೂರಕ್ಕೆ 47ರಷ್ಟು ಕಡಿಮೆಯಾಗಿಯೂ ಮಾಡಿದ ದೈಹಿಕ ಚಟುವಟಿಕೆಯನ್ನು ನೂರಕ್ಕೆ 51ರಷ್ಟು ಹೆಚ್ಚಾಗಿಯೂ ಹೇಳಿದ್ದು ಗೊತ್ತಾಯಿತು. ಆದರೆ ಅವರು ಸುಳ್ಳು ಹೇಳಿದರೆಂದು ತೀರ್ಮಾನಿಸುವುದು ಅನ್ಯಾಯ. ತುತ್ತು ಎಣಿಸುವುದು ಯಾರಿಗೂ ಸಾಧ್ಯವಿಲ್ಲದ ಕೆಲಸ. ದಿನಕ್ಕೆ ನೂರಾರು ಕ್ಯಾಲರಿಯಷ್ಟು ಏರಿದ ಹಸಿವು, ಒಗ್ಗರಣೆಯ ಒಂದು ಚಮಚ ಎಣ್ಣೆಯಾಗಿ, ಮಗು ಬಿಟ್ಟ ಅರ್ಧ ದೋಸೆಯಾಗಿ, ಇನ್ನೊಂದು ಸೌಟು ಸಾರನ್ನವಾಗಿ ಗಮನಕ್ಕೆ ಬಾರದೆ ಒಳಗೆ ಬರುತ್ತದೆ. ಆರನೇ ತಿಂಗಳಿನಲ್ಲಿ ಮನುಷ್ಯ ಮೊದಲ ತಿಂಗಳಿಗಿಂತ ಹೆಚ್ಚು ತಿನ್ನುತ್ತಿರುತ್ತಾನೆ, ಅದು ನಿಜ. ಮೊದಲ ತಿಂಗಳಿನಷ್ಟೇ ಸಂಯಮವನ್ನೂ ತೋರುತ್ತಿರುತ್ತಾನೆ, ಅದೂ ನಿಜ. ಮೆಲ್ಬರ್ನ್‌ನ ಸಂಶೋಧಕರು 2011ರಲ್ಲಿ ತೋರಿಸಿದಂತೆ, ತೂಕ ಇಳಿಸಿ ಒಂದು ವರ್ಷ ಕಳೆದ ಮೇಲೂ ಹಸಿವಿನ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. ಎರಡು ಸತ್ಯಗಳನ್ನೂ ಒಟ್ಟಿಗೆ ಒಪ್ಪಿಕೊಂಡಾಗಲೇ ಪರಿಹಾರ ಕಾಣುತ್ತದೆ. ಬೈಗುಳದಿಂದ ಹಸಿವು ತಗ್ಗುವುದಿಲ್ಲ. ಹೊಟ್ಟೆ ತುಂಬಿಸುವ, ಆದರೆ ಕ್ಯಾಲರಿ ಕಡಿಮೆ ಇರುವ ಊಟದಿಂದ ತಗ್ಗುತ್ತದೆ.

ಹಾಗಾದರೆ ಕಟ್ಟುನಿಟ್ಟಾಗಿ ಇನ್ನಷ್ಟು ಕಡಿಮೆ ತಿಂದರೆ ಏನಾಗುತ್ತದೆ? ಎರಡನೇ ಮಹಾಯುದ್ಧದ ಕೊನೆಯ ವರ್ಷ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿದೆ. ಸ್ವಂತ ಇಚ್ಛೆಯಿಂದ ಮುಂದೆ ಬಂದ 36 ಆರೋಗ್ಯವಂತ ಯುವಕರಿಗೆ 24 ವಾರ ಕಾಲ ದಿನಕ್ಕೆ ಸರಾಸರಿ 1570 ಕ್ಯಾಲರಿ ಊಟ ಕೊಟ್ಟು, ವಾರಕ್ಕೆ 35 ಕಿಲೋಮೀಟರ್ ನಡೆಸಲಾಯಿತು. ಅವರ ತೂಕ ಸುಮಾರು ಕಾಲು ಭಾಗ ಇಳಿಯಿತು. ವಿಶ್ರಾಂತಿಯಲ್ಲಿರುವಾಗಿನ ದೇಹದ ಖರ್ಚು ನೂರಕ್ಕೆ 40ರಷ್ಟು ಕುಸಿಯಿತು. ಸದಾ ಚಳಿ, ಸುಸ್ತು, ಖಿನ್ನತೆ. ಮಾತೆತ್ತಿದರೆ ಊಟದ್ದೇ ಮಾತು, ಕೆಲವರಿಗೆ ಅಡುಗೆ ಪುಸ್ತಕ ಓದುವ ಗೀಳು. ಪ್ರಯೋಗ ಮುಗಿದ ಮೇಲೆ ಕೊಬ್ಬು ಸ್ನಾಯುವಿಗಿಂತ ಬೇಗ ಮರಳಿ ಬಂತು. ಅವರು ಮೊದಲೇ ತೆಳ್ಳಗಿದ್ದವರು, ಬೊಜ್ಜಿರುವವರಿಗೆ ಈ ಪ್ರಯೋಗವನ್ನು ಹಾಗೆ ಹಾಗೇ ಅನ್ವಯಿಸಲಾಗದು ಎಂಬುದು ಸರಿಯಾದ ಮಾತು. ಕೊಬ್ಬಿನ ದಾಸ್ತಾನು ಇರುವವರಲ್ಲಿ ಕುಸಿತ ಇಷ್ಟು ತೀವ್ರವಾಗಿರುವುದಿಲ್ಲ. ಆದರೆ ಕುಸಿತದ ದಿಕ್ಕು ಒಂದೇ. 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ಕೆಲವೇ ತಿಂಗಳಲ್ಲಿ ಭಾರೀ ತೂಕ ಇಳಿಸಿದ್ದ 14 ಮಂದಿಯನ್ನು ಆರು ವರ್ಷದ ನಂತರ ಪರೀಕ್ಷಿಸಿತು. ಹೆಚ್ಚಿನವರು ಇಳಿಸಿದ್ದರಲ್ಲಿ ಬಹುಪಾಲನ್ನು ಮತ್ತೆ ಗಳಿಸಿದ್ದರು. ಆದರೂ ಅವರ ದೇಹ ಅದೇ ಗಾತ್ರದ ಇತರರಿಗಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆ ಖರ್ಚು ಮಾಡುತ್ತಿತ್ತು. ನಮ್ಮಲ್ಲಿ ಕೈಯಿಂದ ಕೈಗೆ ಹರಿದಾಡುವ ಡಯಟ್ ಚಾರ್ಟ್‌ಗಳು 1200 ಕ್ಯಾಲರಿಗೆ ನಿಲ್ಲುತ್ತವೆ, ಕೀಸ್ ಅವರು ಉಪವಾಸದ ಪ್ರಯೋಗಕ್ಕೆ ಆರಿಸಿಕೊಂಡ ಅಂಕಿಗಿಂತಲೂ ಕೆಳಗೆ. ವೈದ್ಯರ ಮೇಲ್ವಿಚಾರಣೆ ಇಲ್ಲದೆ, ಎಂಟು ಗಂಟೆ ಯಂತ್ರದ ಮುಂದೆ ನಿಂತು ದುಡಿಯುವ ಹೆಣ್ಣುಮಗಳೊಬ್ಬಳು ಅದಕ್ಕಿಂತಲೂ ಕೆಳಗೆ ಇಳಿಯಲು ಹೊರಡುವುದು ಅಪಾಯದ ಕೆಲಸ.

ನಿಂತ ತೂಕ ಎಷ್ಟು ದೊಡ್ಡ ಗಳಿಕೆ ಎಂಬುದನ್ನು ತೂಕ ನಿಂತವರಿಗೆ ಯಾರೂ ಹೇಳುವುದಿಲ್ಲ. 90 ಕಿಲೋ ಇದ್ದವರು 84ಕ್ಕೆ ಬಂದು ನಿಂತರೆ ಅದು ನೂರಕ್ಕೆ ಏಳರ ಸಮೀಪ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೂರಕ್ಕೆ ಏಳು ತೂಕ ಇಳಿಕೆ ಮತ್ತು ವಾರಕ್ಕೆ 150 ನಿಮಿಷದ ನಡಿಗೆಯ ಗುರಿ ಇಟ್ಟುಕೊಂಡವರಲ್ಲಿ ಕಾಯಿಲೆ ಬರುವ ಪ್ರಮಾಣ ನೂರಕ್ಕೆ 58ರಷ್ಟು ತಗ್ಗಿತು. ಅದಕ್ಕಿಂತ ನಮಗೆ ಹತ್ತಿರದ ಸಾಕ್ಷ್ಯ ಚೆನ್ನೈನದು. ಡಾ. ಎ. ರಾಮಚಂದ್ರನ್ ನೇತೃತ್ವದಲ್ಲಿ 531 ಮಂದಿಯನ್ನು ಒಳಗೊಂಡು ನಡೆದು 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ ಊಟ ಮತ್ತು ನಡಿಗೆಯ ಬದಲಾವಣೆ ಮಾಡಿಕೊಂಡವರ ತೂಕ ಹೇಳಿಕೊಳ್ಳುವಷ್ಟು ಇಳಿಯಲೇ ಇಲ್ಲ. ಆದರೂ ಅವರಲ್ಲಿ ಮಧುಮೇಹ ಬರುವ ಪ್ರಮಾಣ ನೂರಕ್ಕೆ 28.5ರಷ್ಟು ಕಡಿಮೆಯಾಯಿತು. ಮಷಿನ್ ಮೇಲಿನ ಅಂಕಿ ಅಲುಗಾಡದಿದ್ದಾಗಲೂ ಮೈಯೊಳಗೆ ಒಳ್ಳೆಯದಾಗುತ್ತಿರುತ್ತದೆ ಎಂಬುದಕ್ಕೆ ತಮಿಳುನಾಡಿನ ಜನರ ಮೈಯಿಂದಲೇ ಸಿಕ್ಕ ಪುರಾವೆ ಇದು. ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು 2023ರಲ್ಲಿ ಐಸಿಎಂಆರ್‌ನ ದೊಡ್ಡ ಸಮೀಕ್ಷೆ ಹೇಳಿದ ಮೇಲೂ ಈ ಪುರಾವೆಯನ್ನು ನಾವು ಮನೆಮನೆಗೆ ಮುಟ್ಟಿಸಿಲ್ಲ.

ವೈದ್ಯರು 20 ಕಿಲೋ ಇಳಿಸಿ ಎಂದಿದ್ದಾರೆ, ಆರಕ್ಕೆ ನಿಂತು ತೃಪ್ತಿಪಟ್ಟರೆ ಆಗುತ್ತದೆಯೇ ಎಂದು ಯಾರಾದರೂ ಕೇಳಬಹುದು. ಆರಕ್ಕೆ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ, ಆರನ್ನು ಮೊದಲು ಭದ್ರಮಾಡಿಕೊಳ್ಳಿ ಎನ್ನುತ್ತಿದ್ದೇನೆ. ತೂಕ ಕಾಪಾಡಿಕೊಳ್ಳುವುದು ತೂಕ ಇಳಿಸುವುದಕ್ಕಿಂತ ಬೇರೆಯೇ ವಿದ್ಯೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 267 ಹೆಂಗಸರ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರ್ಧ ಮಂದಿಗೆ ತೂಕ ಇಳಿಸುವ ಮೊದಲೇ ಎಂಟು ವಾರ, ಇದ್ದ ತೂಕವನ್ನು ಏರಿಳಿಯದಂತೆ ಹಿಡಿದಿಡುವುದನ್ನು ಕಲಿಸಲಾಯಿತು. ಇನ್ನರ್ಧ ಮಂದಿ ಎಂದಿನಂತೆ ನೇರವಾಗಿ ಇಳಿಸಲು ಹೊರಟರು. ಎರಡೂ ಗುಂಪು ಇಳಿಸಿದ್ದು ಹೆಚ್ಚುಕಡಿಮೆ ಒಂದೇ. ಆದರೆ ಮುಂದಿನ ಒಂದು ವರ್ಷದಲ್ಲಿ ಮೊದಲ ಗುಂಪಿನವರಿಗೆ ಮರಳಿ ಬಂದದ್ದು ಸುಮಾರು ಒಂದೂವರೆ ಕಿಲೋ, ಎರಡನೆಯವರಿಗೆ ಮೂರು ಕಿಲೋಗಿಂತ ಹೆಚ್ಚು. ತೂಕ ನಿಂತ ಕಾಲವನ್ನು ಆ ವಿದ್ಯೆ ಕಲಿಯುವ ಕಾಲವಾಗಿ ಬಳಸಿಕೊಳ್ಳಬೇಕು. ಎರಡು ಮೂರು ತಿಂಗಳು ಕಡಿತದ ಆಸೆ ಬಿಟ್ಟು, ಹೊಟ್ಟೆ ತುಂಬ ಆದರೆ ಅಳತೆಯಲ್ಲಿ ತಿಂದು, ವಾರಕ್ಕೊಮ್ಮೆ ತೂಕ, ತಿಂಗಳಿಗೊಮ್ಮೆ ಸೊಂಟದ ಅಳತೆ ನೋಡಿ ಬರೆದಿಟ್ಟರೆ, ಹಬ್ಬ, ಮದುವೆ, ಓವರ್‌ಟೈಮ್ ಎಲ್ಲದರ ನಡುವೆಯೂ ತೂಕ ಹೇಗೆ ನಿಲ್ಲುತ್ತದೆಂಬುದು ಅನುಭವಕ್ಕೆ ಬರುತ್ತದೆ. ನಿಜವಾಗಿ ನಿಂತಿದೆಯೇ ಎಂಬುದೂ ಆಗಲೇ ತಿಳಿಯುವುದು. ಉಪ್ಪು ಹೆಚ್ಚಾದ ಒಂದು ಊಟ, ಮುಟ್ಟಿನ ಮುಂಚಿನ ದಿನಗಳು, ಹೊಸ ವ್ಯಾಯಾಮದಿಂದ ಸ್ನಾಯುವಿನಲ್ಲಿ ತುಂಬಿಕೊಂಡ ನೀರು, ಇವೆಲ್ಲ ತೂಕವನ್ನು ಒಂದೆರಡು ಕಿಲೋ ಆಚೀಚೆ ಮಾಡುತ್ತವೆ. ನಾಲ್ಕು ವಾರವಾದರೂ ತೂಕ, ಸೊಂಟ ಎರಡೂ ಕದಲದಿದ್ದರೆ ಮಾತ್ರ ಅದು ನಿಂತ ತೂಕ. ಥೈರಾಯ್ಡ್, ಪಿಸಿಓಡಿ ಅನುಮಾನವಿದ್ದವರು, ಇನ್ಸುಲಿನ್ ಅಥವಾ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರು ಈ ಹಂತದಲ್ಲಿ ವೈದ್ಯರನ್ನು ಕಾಣಲೇಬೇಕು.

ಆ ನಿಲುಗಡೆಯ ಕಾಲದಲ್ಲಿ ಬದಲಿಸಬೇಕಾದದ್ದು ಏನು? ವ್ಯಾಯಾಮದಿಂದಲೇ ಹೇಳುವುದಾದರೆ, ಬರೀ ವಾಕಿಂಗ್ ಹೆಚ್ಚಿಸುತ್ತಾ ಹೋಗುವುದರಿಂದ ಸಿಗುವ ಫಲ ಸಣ್ಣದು. ತಾಂಜಾನಿಯಾದ ಹಾಡ್ಜಾ ಬೇಟೆಗಾರರು ದಿನವಿಡೀ ಓಡಾಡಿದರೂ, ಮೈಗಾತ್ರವನ್ನು ಲೆಕ್ಕಕ್ಕೆ ಹಿಡಿದಾಗ, ದಿನಕ್ಕೆ ಖರ್ಚು ಮಾಡುವ ಕ್ಯಾಲರಿ ನಗರವಾಸಿಗಳಷ್ಟೇ ಎಂದು ಹರ್ಮನ್ ಪಾಂಟ್ಜರ್ 2012ರಲ್ಲಿ ಅಳೆದು ತೋರಿಸಿದರು. ದೇಹ ಒಂದು ಕಡೆ ಖರ್ಚಾದದ್ದನ್ನು ಇನ್ನೊಂದು ಕಡೆ ಉಳಿಸುತ್ತದೆ. ಹೊಲದಲ್ಲಿ ದುಡಿದ ಹಿರಿಯರು ಮೂರು ಹೊತ್ತು ಮುದ್ದೆ ಉಂಡರೂ ತೆಳ್ಳಗಿದ್ದರಲ್ಲ ಎನ್ನುವವರಿಗೆ ಇದರಲ್ಲಿ ಅರ್ಧ ಉತ್ತರವಿದೆ: ಅವರ ದುಡಿಮೆಯಷ್ಟೇ ಅಲ್ಲ, ತಟ್ಟೆಯೂ ಬೇರೆಯಾಗಿತ್ತು, ಎಣ್ಣೆ ಸಕ್ಕರೆ ಹಬ್ಬಕ್ಕೆ ಮೀಸಲಾಗಿತ್ತು. ಹಾಗೆಂದು ವ್ಯಾಯಾಮ ಬೇಡವೆಂದಲ್ಲ. 13 ಕಿಲೋಗಿಂತ ಹೆಚ್ಚು ಇಳಿಸಿ ವರ್ಷಗಟ್ಟಲೆ ಉಳಿಸಿಕೊಂಡ ಸಾವಿರಾರು ಮಂದಿಯ ದಾಖಲೆ ಅಮೆರಿಕದಲ್ಲಿ 1994ರಿಂದ ಇದೆ. ಅವರು ಸರಾಸರಿ ದಿನಕ್ಕೆ ಒಂದು ಗಂಟೆ ಮೈ ದಂಡಿಸುತ್ತಾರೆ. ವ್ಯಾಯಾಮದ ದೊಡ್ಡ ಉಪಕಾರ ಇಳಿಸುವುದರಲ್ಲಿಲ್ಲ, ಇಳಿದದ್ದನ್ನು ಉಳಿಸುವುದರಲ್ಲಿದೆ. ಅದರಲ್ಲೂ ಸ್ನಾಯು ಬಳಸುವ ವ್ಯಾಯಾಮ. ಡಯಟ್‌ನಲ್ಲಿ ಇಳಿಯುವ ತೂಕದ ಸುಮಾರು ಕಾಲು ಭಾಗ ಕೊಬ್ಬಲ್ಲ, ಸ್ನಾಯು ಮೊದಲಾದದ್ದು. ವಾರಕ್ಕೆ ಎರಡು ದಿನವಾದರೂ ಬಸ್ಕಿ, ದಂಡ, ಭಾರ ಎತ್ತುವುದು ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಹೆಂಗಸರಿಗೂ ಇದು ಅಷ್ಟೇ ಅಗತ್ಯ. ಭಾರ ಎತ್ತಿದರೆ ಗಂಡಸಿನ ಮೈಕಟ್ಟು ಬರುತ್ತದೆಂಬ ಹೆದರಿಕೆಗೆ ಆಧಾರವಿಲ್ಲ.

ತಟ್ಟೆಯ ವಿಷಯದಲ್ಲಿ ಈ ಸೀಮೆಗೆ ಒಂದು ಅನುಕೂಲವೂ ಒಂದು ತಪ್ಪು ನಂಬಿಕೆಯೂ ಇದೆ. ರಾಗಿ ತಿಂದರೆ ತೂಕ ತಾನಾಗಿ ಇಳಿಯುತ್ತದೆ ಎಂಬುದು ನಂಬಿಕೆ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲರಿ, ಅಷ್ಟೇ ಅಕ್ಕಿಯಲ್ಲಿ ಸುಮಾರು 355. ಅಂತರ ದೊಡ್ಡದಲ್ಲ. ರಾಗಿಯ ನಿಜವಾದ ಗುಣ ನಾರು: ಅಕ್ಕಿಯಲ್ಲಿ ಮೂರು ಗ್ರಾಂ ಇದ್ದರೆ ರಾಗಿಯಲ್ಲಿ ಹನ್ನೊಂದು. ಆದರೆ ರಾಗಿಯಲ್ಲಿ ಪ್ರೋಟೀನ್ ಏಳು ಗ್ರಾಂ ಮಾತ್ರ, ಹಾಗಾಗಿ ತಿಳಿಸಾರಿನ ಜೊತೆ ಎರಡು ಮುದ್ದೆ ಉಣ್ಣುವುದಕ್ಕಿಂತ ಒಂದು ಮುದ್ದೆಗೆ ಗಟ್ಟಿ ಹುರುಳಿ ಸಾರು, ಅವರೆಕಾಳು, ಸೊಪ್ಪಿನ ಪಲ್ಯ, ಬೇಕಾದವರಿಗೆ ಮೊಟ್ಟೆ ಸೇರಿಸಿಕೊಳ್ಳುವುದು ಹಸಿವನ್ನು ಹೆಚ್ಚು ಹೊತ್ತು ತಡೆಯುತ್ತದೆ. ಹುರುಳಿಯಲ್ಲಿ 100 ಗ್ರಾಮಿಗೆ 22 ಗ್ರಾಂ ಪ್ರೋಟೀನ್ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯೂ 2000 ಕ್ಯಾಲರಿಯ ದಿನದ ಊಟದಲ್ಲಿ ಧಾನ್ಯ 250 ಗ್ರಾಂ, ತರಕಾರಿ 400 ಗ್ರಾಂ, ಎಣ್ಣೆ 27 ಗ್ರಾಂ ಎನ್ನುತ್ತದೆ. ನಮ್ಮ ತಟ್ಟೆಗಳಲ್ಲಿ ಮೊದಲ ಎರಡರ ಅಳತೆ ಅದಲುಬದಲಾಗಿದೆ. ಟೀಯ ಲೆಕ್ಕವೂ ಸಣ್ಣದಲ್ಲ. ಒಂದು ಲೋಟಕ್ಕೆ ಎರಡು ಚಮಚ ಸಕ್ಕರೆಯಾದರೆ ಸಕ್ಕರೆಯದೇ 40 ಕ್ಯಾಲರಿ. ಒಂದು ಶಿಫ್ಟಿನಲ್ಲಿ ಐದು ಲೋಟವಾದರೆ 200 ಕ್ಯಾಲರಿ, 50 ಗ್ರಾಂ ಸಕ್ಕರೆ.

ಆದರೆ ಕಾರ್ಖಾನೆ ಊರಿನಲ್ಲಿ ಎಲ್ಲಕ್ಕಿಂತ ಕಡೆಗಣಿಸಲ್ಪಟ್ಟಿರುವುದು ನಿದ್ದೆ. ಶಿಕಾಗೋದಲ್ಲಿ ಹತ್ತು ಮಂದಿಯ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪುಟ್ಟ ಪ್ರಯೋಗವೊಂದನ್ನು ಶಿಫ್ಟಿನಲ್ಲಿ ದುಡಿಯುವ ಪ್ರತಿಯೊಬ್ಬರೂ ತಿಳಿದಿರಬೇಕು. ಅದೇ ಜನರಿಗೆ, ಅದೇ ಕಡಿಮೆ ಕ್ಯಾಲರಿಯ ಊಟ ಕೊಟ್ಟು, ಎರಡು ವಾರ ಎಂಟೂವರೆ ಗಂಟೆ, ಇನ್ನೆರಡು ವಾರ ಐದೂವರೆ ಗಂಟೆ ಮಾತ್ರ ಮಲಗಲು ಬಿಟ್ಟರು. ಎರಡೂ ಸಲ ಇಳಿದ ತೂಕ ಸುಮಾರು ಮೂರು ಕಿಲೋ. ಆದರೆ ನಿದ್ದೆ ಕಡಿಮೆಯಾದಾಗ ಕರಗಿದ ಕೊಬ್ಬು ನೂರಕ್ಕೆ 55ರಷ್ಟು ಕಡಿಮೆ. ಅದರ ಜಾಗದಲ್ಲಿ ಸ್ನಾಯು ಕರಗಿತ್ತು, ಹಸಿವೂ ಹೆಚ್ಚಿತ್ತು. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮನೆಗೆ ಬಂದು, ತಗಡಿನ ಮನೆಯ ಸೆಕೆಯಲ್ಲಿ, ಮಕ್ಕಳ ಗಲಾಟೆಯ ನಡುವೆ ನಾಲ್ಕೈದು ಗಂಟೆ ಮಲಗಿ, ಸಂಜೆ ಜಿಮ್ಮಿಗೆ ಹೋಗಿ ಬೆವರಿಳಿಸುವ ಯುವಕನಿಗೆ ಇನ್ನೂ ಕಡಿಮೆ ತಿನ್ನು ಎನ್ನುವುದು ಕ್ರೂರವಾದ ಸಲಹೆ. ಅವನಿಗೆ ಜಿಮ್ಮಿನ ಒಂದು ಗಂಟೆಗಿಂತ ಕತ್ತಲೆ ಕೋಣೆಯ ಎರಡು ಗಂಟೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಿದ್ದೆಗೆಟ್ಟವನ ಸಂಯಮವನ್ನು ಅಳೆದು ತೂಗುವ ಹಕ್ಕು ನಿದ್ದೆಮಾಡಿ ಎದ್ದವರಿಗೆ ಇಲ್ಲ.

ಈಗ ಇಂಜೆಕ್ಷನ್ ಬಂದಿದೆ, ಇಷ್ಟೆಲ್ಲ ಏಕೆ ಎನ್ನುವ ಮಾತೂ ಕೇಳುತ್ತಿದೆ. ಮೌಂಜಾರೋ, ವೆಗೋವಿ 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಅವು ಹಸಿವನ್ನು ತಗ್ಗಿಸುವ, ನಿಜಕ್ಕೂ ಕೆಲಸಮಾಡುವ ಔಷಧಗಳು. ವೈದ್ಯರು ಅಗತ್ಯ ಕಂಡು ಬರೆದುಕೊಟ್ಟವರಿಗೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಆ ಔಷಧಗಳಲ್ಲೂ ತೂಕ ಒಂದು ಹಂತಕ್ಕೆ ಬಂದು ನಿಲ್ಲುತ್ತದೆ. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ಪರೀಕ್ಷೆಯಲ್ಲಿ 68 ವಾರಕ್ಕೆ ಸರಾಸರಿ ನೂರಕ್ಕೆ 15ರಷ್ಟು ಇಳಿದಿತ್ತು. ಔಷಧ ಬಿಟ್ಟ ಒಂದು ವರ್ಷದೊಳಗೆ ಇಳಿದದ್ದರ ಮೂರರಲ್ಲಿ ಎರಡು ಭಾಗ ಮರಳಿ ಬಂತು. ನಿಲ್ಲುವುದು ದೇಹದ ಸ್ವಭಾವ, ಉಳಿಸಿಕೊಳ್ಳುವುದು ಕಲಿಯಬೇಕಾದ ಕೆಲಸ ಎಂಬುದನ್ನು ಈ ದುಬಾರಿ ಔಷಧಗಳೂ ಹೇಳುತ್ತಿವೆ.

ಹಾಗೆಂದು ಎಲ್ಲ ಹೊರೆಯನ್ನೂ ಒಬ್ಬೊಬ್ಬರ ಹೆಗಲಿಗೇ ಹೊರಿಸುವುದು ಸರಿಯಲ್ಲ. ಮನೆಬಾಗಿಲಿಗೆ ಬಂದು ಬಿಪಿ, ಸಕ್ಕರೆ ನೋಡಿ ಔಷಧ ಕೊಡುವ ತಮಿಳುನಾಡು ಸರ್ಕಾರದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರ ಆಗಸ್ಟ್ 5ರಂದು ಶುರುವಾದದ್ದು ಹೊಸೂರು ಇರುವ ಇದೇ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. 2023ರಲ್ಲಿ ಸರ್ಕಾರ ಎಲ್ಲ 38 ಜಿಲ್ಲೆಗಳಲ್ಲೂ ಎಂಟು ಕಿಲೋಮೀಟರಿನ ಆರೋಗ್ಯ ನಡಿಗೆಯ ದಾರಿಗಳನ್ನು ಗುರುತಿಸಿತು. ಒಳ್ಳೆಯ ಹೆಜ್ಜೆಗಳು. ಆದರೆ ದುಡಿಯುವವರು ದಿನದ ಒಂದು ದೊಡ್ಡ ಊಟವನ್ನು ಉಣ್ಣುವುದು ಕಾರ್ಖಾನೆಯ ಕ್ಯಾಂಟೀನಿನಲ್ಲಿ. ಆ ತಟ್ಟೆಯಲ್ಲಿ ಅನ್ನ ಎಷ್ಟು, ಬೇಳೆ ಎಷ್ಟು, ಪಲ್ಯ ಎಷ್ಟು, ಟೀಗೆ ಸಕ್ಕರೆ ಮೊದಲೇ ಬೆರೆಸಿರುತ್ತದೆಯೇ, ನಡುರಾತ್ರಿಯ ಊಟ ಪರೋಟವೋ ಕಾಳೋ ಎಂಬುದನ್ನು ಒಬ್ಬ ಕಾರ್ಮಿಕ ತೀರ್ಮಾನಿಸಲಾರ. 1948ರ ಕಾರ್ಖಾನೆ ಕಾಯಿದೆಯ 46ನೇ ಕಲಂ ಕ್ಯಾಂಟೀನಿನ ಜೊತೆಗೆ ಅದನ್ನು ನಡೆಸುವ ಸಮಿತಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳೂ ಇರಬೇಕೆಂಬ ಏರ್ಪಾಡಿಗೆ ದಾರಿಮಾಡಿತು. ಮೂಕಂಡಪಲ್ಲಿಯಿಂದ ಜೂಜುವಾಡಿಯವರೆಗಿನ ಕಾರ್ಖಾನೆಗಳಲ್ಲಿ ಅಂಥ ಸಮಿತಿಗಳಲ್ಲಿ ಕೂರುವವರು ಮುಂದಿನ ಸಭೆಯಲ್ಲಿ ಮೂರು ವಿಷಯ ಎತ್ತಬೇಕು: ಸಕ್ಕರೆ ಬೆರೆಸದ ಟೀ ಬೇಕೆಂದವರಿಗೆ ಸಿಗಲಿ, ರಾತ್ರಿ ಪಾಳಿಯ ಊಟದಲ್ಲಿ ಕಾಳು ಅಥವಾ ಮೊಟ್ಟೆ ಕಡ್ಡಾಯವಾಗಲಿ, ಪಾಳಿ ಬದಲಾಗುವ ನಡುವೆ ಪೂರ್ತಿ ಒಂದು ನಿದ್ದೆಗೆ ಸಾಕಾಗುವಷ್ಟು ಬಿಡುವು ಇರಲಿ. ಇದರಲ್ಲಿ ಯಾವುದೂ ಕಂಪನಿಗೆ ಹೊರಲಾರದ ಖರ್ಚಲ್ಲ. ಮತ್ತು ತೂಕ ನಿಂತುಬಿಟ್ಟಿದೆಯೆಂದು ಇವತ್ತು ರಾತ್ರಿಯ ಊಟ ಬಿಡಲು ಹೊರಟಿರುವ ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ: ಉಂಡು ಮಲಗಿ. ಇಳಿಸಿದ ಕಿಲೋಗಳು ನಿಮ್ಮವೇ, ಇನ್ನು ಮೂರು ತಿಂಗಳು ಅವು ಮರಳಿ ಬಾರದಂತೆ ನೋಡಿಕೊಳ್ಳಿ.